ಮೆಡಿಸಿನ್ ಅರ್ಜಿಯ ಪರ್ಸನಲ್ ಸ್ಟೇಟ್‌ಮೆಂಟ್ ತಿದ್ದಿಸಲು 185 ಪೌಂಡ್ ಕೊಟ್ಟೆವು: ಯಾವುದಕ್ಕೆ ಕೊಡಬಹುದು, ಯಾವುದಕ್ಕೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯ ಮೊದಲ ಸುತ್ತಿಗೆ ಕೊಟ್ಟ 70 ಪೌಂಡ್ ಸಾರ್ಥಕವಾಯಿತು. ಎರಡನೇ ಸುತ್ತಿಗೆ ಕೊಟ್ಟ 115 ಪೌಂಡ್ ದಂಡ. ದುಡ್ಡು ಹೋಯಿತು ಅನ್ನುವುದಕ್ಕಿಂತ ಜಾಸ್ತಿ ಬೇಜಾರಾದದ್ದು ಬೇರೆ. ಅವರು ತಿದ್ದಿ ಕಳಿಸಿದ್ದನ್ನು ಹಾಗೇ ಹಾಕಿದ್ದರೆ, ಮಗಳು ತಾನು ಮಾಡದ ಕೆಲಸವನ್ನು ಮಾಡಿದ್ದೇನೆ ಅಂತ ಬರೆದುಕೊಟ್ಟ ಹಾಗೆ ಆಗುತ್ತಿತ್ತು. ಸಂಸ್ಥೆಯ ಹೆಸರು ಹಾಕುವುದಿಲ್ಲ. ಇಂಥ ಸೇವೆ ಕೊಡುವವರು ಇಲ್ಲಿ ತುಂಬಾ ಜನ ಇದ್ದಾರೆ, ಪ್ಯಾಕೇಜುಗಳೂ ಹೆಚ್ಚು ಕಡಿಮೆ ಒಂದೇ ಥರ. ಯಾರ ಹತ್ತಿರ ಹೋದರೂ ಏನು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ನಾವು ಇರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಊರು ಹಾಸನ. ಮಗಳು ಇಯರ್ 13, ನಮ್ಮ ಲೆಕ್ಕದಲ್ಲಿ ಸೆಕೆಂಡ್ ಪಿಯುಸಿ. ನಾನು ಓದುವಾಗ ಸಿಇಟಿ ಇತ್ತು. ರ‍್ಯಾಂಕ್ ಬಂದರೆ ಮೆಡಿಕಲ್, ಬರದಿದ್ದರೆ ಬಿಎಸ್ಸಿ. ಈಗ ಊರಲ್ಲಿ ನೀಟ್ ಬರೆದು ಕೆಇಎ ಕೌನ್ಸೆಲಿಂಗ್‌ಗೆ ಕಾಯುವ ಅಣ್ಣನ ಮಗನಿಗೂ ಅಂಕವೇ ಎಲ್ಲ. ನೀನು ಯಾಕೆ ಡಾಕ್ಟರ್ ಆಗಬೇಕು ಅಂತ ಅವನನ್ನು ಯಾರೂ ಬರೆಸಿ ಕೇಳಿಲ್ಲ. ಇಲ್ಲಿ ಕೇಳುತ್ತಾರೆ, ಅರ್ಜಿಯ ಜೊತೆ ಬರೆದು ಕಳಿಸುವ ಆ ಉತ್ತರವೇ ಪರ್ಸನಲ್ ಸ್ಟೇಟ್‌ಮೆಂಟ್. ಅದಕ್ಕೆ ಹೇಗೆ ಉತ್ತರ ಬರೆಯಬೇಕು ಅಂತ ನಮ್ಮ ಮನೆಯಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಹಣ ಕೊಟ್ಟು ಕೇಳೋಣ ಅಂದುಕೊಂಡೆವು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನಲ್ಲಿ ಡಿಗ್ರಿಗೆ ಅರ್ಜಿ ಹೋಗುವುದು ಯೂಕ್ಯಾಸ್ ಅನ್ನುವ ಒಂದೇ ಸಂಸ್ಥೆಯ ಮೂಲಕ. ಒಟ್ಟು 5 ಆಯ್ಕೆ, ಅದರಲ್ಲಿ ಮೆಡಿಸಿನ್‌ಗೆ 4 ಮಾತ್ರ. ಮೆಡಿಸಿನ್‌ಗೆ ಕೊನೆಯ ದಿನ ಅಕ್ಟೋಬರ್ 15, ಬೇರೆ ಎಷ್ಟೋ ಕೋರ್ಸುಗಳಿಗಿಂತ ಮೂರು ತಿಂಗಳು ಮುಂಚೆ. ಒಂದೇ ಸ್ಟೇಟ್‌ಮೆಂಟ್ ಎಲ್ಲ ಕಾಲೇಜಿಗೂ ಹೋಗುತ್ತದೆ, ಹಾಗಾಗಿ ಒಂದು ಕಾಲೇಜನ್ನು ಹೊಗಳಿ ಬರೆಯುವ ಹಾಗಿಲ್ಲ. ಮಿತಿ 4000 ಅಕ್ಷರ. ಪದ ಅಲ್ಲ, ಅಕ್ಷರ. ಖಾಲಿ ಜಾಗ, ಕಾಮಾ ಎಲ್ಲ ಸೇರಿ. ಇಂಗ್ಲಿಷಿನಲ್ಲಿ ಸುಮಾರು 600 ಪದ ಆಗಬಹುದು. ಮೊದಲು ಇದು ಒಂದೇ ಉದ್ದ ಪ್ರಬಂಧದ ಥರ ಇತ್ತು. 2026ರಲ್ಲಿ ಸೇರುವವರಿಂದ ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಈ ಕೋರ್ಸ್ ಯಾಕೆ ಬೇಕು, ಇಲ್ಲಿಯ ತನಕದ ಓದು ನಿನ್ನನ್ನು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀಯ ಮತ್ತು ಅದರಿಂದ ಏನು ಉಪಯೋಗ. ಪ್ರತಿಯೊಂದಕ್ಕೂ ಕನಿಷ್ಠ 350 ಅಕ್ಷರ ಇರಲೇಬೇಕು, ಮೂರೂ ಸೇರಿ 4000 ದಾಟಬಾರದು. ಹಳೆಯ ಮಾದರಿಗಳನ್ನು ನೋಡಿಕೊಂಡು ಬರೆಯುವವರು ಇದನ್ನು ಮರೆಯಬೇಡಿ. ಅಕ್ಕನೋ ಪರಿಚಯದ ಹುಡುಗನೋ ಎರಡು ವರ್ಷ ಹಿಂದೆ ಬರೆದದ್ದು ಈಗ ಆ ಅಚ್ಚಿಗೆ ಕೂರುವುದಿಲ್ಲ.

ಮಗಳ ಮೊದಲ ಡ್ರಾಫ್ಟ್ 6800 ಅಕ್ಷರ ಇತ್ತು. ಮೂರು ವಾರ ಕೂತು ಬರೆದಿದ್ದಳು. ಒಂದು ಸಾಲು ತೆಗಿ ಅಂದರೆ ಕಣ್ಣಲ್ಲಿ ನೀರು. ನನಗೂ ಓದುವಾಗ ಎಲ್ಲ ಚೆನ್ನಾಗಿದೆ ಅನ್ನಿಸುತ್ತಿತ್ತು, ಹೆತ್ತವರಿಗೆ ಹಾಗೇ ಅಲ್ವಾ. ಆಗಲೇ ಈ ಸೇವೆಗೆ ಹೋದದ್ದು.

ಮೊದಲ ಸುತ್ತಿನಲ್ಲಿ ಸಿಗುವುದು ಇಷ್ಟು: ಡ್ರಾಫ್ಟ್ ಕಳಿಸಿದರೆ ಮೂರು ದಿನದಲ್ಲಿ ಪಕ್ಕದಲ್ಲಿ ಟಿಪ್ಪಣಿ ಹಾಕಿ ವಾಪಸ್ ಕೊಡುತ್ತಾರೆ, ಆಮೇಲೆ 40 ನಿಮಿಷ ವಿಡಿಯೋ ಕಾಲ್. ಟಿಪ್ಪಣಿ ಎರಡೂವರೆ ದಿನದಲ್ಲೇ ಬಂತು. ಓದಿದವರು ಒಬ್ಬ ಜೂನಿಯರ್ ಡಾಕ್ಟರ್, ನೈಟ್ ಡ್ಯೂಟಿ ಮುಗಿಸಿ ಕಾಲ್‌ಗೆ ಕೂತಿದ್ದರು. ಅವರು ಒಂದು ಪದವನ್ನೂ ತಾವಾಗಿ ಬರೆದುಕೊಡಲಿಲ್ಲ. ಮೊದಲು ನಮಗೆ ಅದು ಕೊರತೆ ಅನ್ನಿಸಿತು. ಹಣ ತೆಗೆದುಕೊಂಡು ಸುಮ್ನೆ ಪ್ರಶ್ನೆ ಕೇಳುತ್ತಾರಲ್ಲ ಅಂತ ನಮ್ಮ ಮನೆಯವರು ಪಕ್ಕದ ರೂಮಿನಲ್ಲಿ ಗೊಣಗಿದರು. ನಾನೂ ಹೌದು ಅಂದೆ. ಆದರೆ ಆ ಪ್ರಶ್ನೆಗಳೇ ಕೆಲಸ ಮಾಡಿದವು.

ಮಗಳು ಶುರು ಮಾಡಿದ್ದು ಅಜ್ಜನಿಂದ. ಹಾಸನದಲ್ಲಿ ನಮ್ಮ ಮಾವನವರಿಗೆ ಸ್ಟ್ರೋಕ್ ಆದಾಗ ಅವಳಿಗೆ ಹತ್ತು ವರ್ಷ. ಆಸ್ಪತ್ರೆಯ ಕಾರಿಡಾರ್, ಬಿಳಿ ಕೋಟು, ಅಜ್ಜನ ಅಲುಗದ ಕೈ, ಅಂದೇ ನಾನು ಡಾಕ್ಟರ್ ಆಗಬೇಕು ಅಂತ ತೀರ್ಮಾನಿಸಿದೆ ಅನ್ನುವ ಮಾತು. 900 ಅಕ್ಷರ. ಓದಿದಾಗೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ಆ ಡಾಕ್ಟರ್ ಪಕ್ಕದಲ್ಲಿ ಹಾಕಿದ್ದ ಟಿಪ್ಪಣಿ ಒಂದೇ ಸಾಲು: ಇದರಲ್ಲಿ ನೀನು ಏನು ಮಾಡಿದೆ?

ಅವಳು ಏನೂ ಮಾಡಿರಲಿಲ್ಲ. ಹತ್ತು ವರ್ಷದ ಮಗು ಏನು ಮಾಡಬೇಕು? ಅವರು ಅದನ್ನು ತಪ್ಪು ಅಂತ ಹೇಳಲಿಲ್ಲ. ಅಜ್ಜನ ಮೇಲಿನ ಪ್ರೀತಿ ನಿಜ, ಆದರೆ ಈ 900 ಅಕ್ಷರ ಓದಿದ ಮೇಲೆ ನನಗೆ ಅಜ್ಜ ಗೊತ್ತಾದರು, ನೀನು ಗೊತ್ತಾಗಲಿಲ್ಲ ಅಂದರು. ಆಮೇಲೆ 2007ರ ಒಂದು ವಿಷಯ ಹೇಳಿದರು. ಆ ವರ್ಷ ಯೂಕ್ಯಾಸ್ ಸುಮಾರು 50,000 ಸ್ಟೇಟ್‌ಮೆಂಟ್‌ಗಳನ್ನು ಕಂಪ್ಯೂಟರ್‌ನಲ್ಲಿ ಹೋಲಿಸಿ ನೋಡಿತ್ತು. ಅದರಲ್ಲಿ 234 ಜನ ಎಂಟನೇ ವಯಸ್ಸಿನಲ್ಲಿ ತಮ್ಮ ಪೈಜಾಮ ಸುಟ್ಟು ತೂತಾದ ಕಥೆ ಬರೆದಿದ್ದರು. ಇಂಟರ್‌ನೆಟ್‌ನಲ್ಲಿದ್ದ ಒಂದು ಮಾದರಿಯನ್ನು ಎಲ್ಲರೂ ಎತ್ತಿಕೊಂಡದ್ದರಿಂದ ಹಾಗಾಯಿತು. ವಯಸ್ಸಾದ ಅಥವಾ ಕಾಯಿಲೆಯ ಅಜ್ಜನ ವಾಕ್ಯ 175ರಲ್ಲಿ ಇತ್ತು. ನಮ್ಮ ಅಜ್ಜ ಯಾರಿಂದಲೂ ಎತ್ತಿಕೊಂಡವರಲ್ಲ, ನಮ್ಮವರೇ. ಆದರೂ ದಿನಕ್ಕೆ ನೂರಾರು ಓದುವವರ ಕಣ್ಣಿಗೆ ಆ ಪ್ಯಾರಾ ಎಲ್ಲೋ ಓದಿದ ಹಾಗೇ ಕಾಣುತ್ತದೆ. ಅದು ಅರ್ಥವಾದ ಮೇಲೆ ಮಗಳೇ ಆ ಪ್ಯಾರಾ ತೆಗೆದಳು. ಆ ರಾತ್ರಿ ಅದನ್ನು ಬೇರೆ ಫೈಲಿನಲ್ಲಿ ಉಳಿಸಿ ತಾತನ ಹೆಸರಿಟ್ಟಳು. ಅದು ಅಲ್ಲಿಯೇ ಇದೆ.

ಆ ಜಾಗಕ್ಕೆ ಏನು ಬಂತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹಣಕ್ಕೆ ಬೆಲೆ ಬಂದದ್ದು ಇಲ್ಲೇ.

ಇಯರ್ 12ರಲ್ಲಿ ಅವಳು ಪ್ರತಿ ಶನಿವಾರ ವೃದ್ಧರ ಕೇರ್ ಹೋಮ್‌ಗೆ ವಾಲಂಟಿಯರ್ ಆಗಿ ಹೋಗುತ್ತಿದ್ದಳು. ಡ್ರಾಫ್ಟ್‌ನಲ್ಲಿ ಅದಕ್ಕೆ ಬರೆದಿದ್ದು ಎರಡು ಸಾಲು. ಒಂದು ವರ್ಷ ಸೇವೆ ಮಾಡಿದೆ, ಅದರಿಂದ ಸಂವಹನ ಎಷ್ಟು ಮುಖ್ಯ ಅಂತ ಆಳವಾಗಿ ತಿಳಿಯಿತು. ಅಷ್ಟೇ. ಕಾಲ್‌ನಲ್ಲಿ ಆ ಡಾಕ್ಟರ್ ಕೇಳಿದರು, "ಯಾವ ದಿನ ತಿಳಿಯಿತು? ಅವತ್ತು ಏನಾಯಿತು?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಟೀ ವಿಷಯ ಹೇಳಿದಳು. ನಾನೂ ಆವತ್ತೇ ಮೊದಲು ಕೇಳಿದ್ದು. ಅಲ್ಲಿ ಒಬ್ಬ ಅಜ್ಜಿಗೆ ನುಂಗುವ ತೊಂದರೆ. ನೀರು, ಟೀ ತೆಳ್ಳಗಿದ್ದರೆ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯ. ಹಾಗಾಗಿ ಟೀಗೆ ಒಂದು ಪುಡಿ ಹಾಕಿ ಗಟ್ಟಿ ಮಾಡಿ ಕೊಡುತ್ತಾರೆ. ಎಷ್ಟು ಗಟ್ಟಿ ಇರಬೇಕು ಅಂತ ಸ್ಪೀಚ್ ಥೆರಪಿಸ್ಟ್ ಪರೀಕ್ಷೆ ಮಾಡಿ ಹೇಳಿರುತ್ತಾರೆ, ಕೇರರ್ ಅಳತೆ ಚಮಚದಲ್ಲಿ ಹಾಕಿ ಕಲಸುತ್ತಾರೆ. ತೆಳು ಗಂಜಿಯ ಹದ ಬರುತ್ತದೆ. ಆ ಅಜ್ಜಿ ವಾರಗಟ್ಟಲೆ ಕಪ್ಪನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಬಾಯಾರಿಕೆ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಒಂದು ಶನಿವಾರ ಮಗಳು ಪಕ್ಕದಲ್ಲಿ ಕೂತು ಯಾಕೆ ಬೇಡ ಅಂತ ಕೇಳಿದಳು. ಇದು ಟೀ ಅಲ್ಲ, ಟೀ ಹೀಗಿರುವುದಿಲ್ಲ ಅಂದರಂತೆ. ಇವಳು ಹೋಗಿ ನರ್ಸ್‌ಗೆ ಹೇಳಿದಳು. ಮುಂದಿನ ವಾರ ನೋಡಿದರೆ ಅದೇ ಗಟ್ಟಿಯಲ್ಲಿ ಹಣ್ಣಿನ ರಸ ಕೊಟ್ಟಿದ್ದರು. ಅಜ್ಜಿ ಪೂರ್ತಿ ಕುಡಿದಿದ್ದರು. ಟೀ ಅಂತ ಕೊಟ್ಟು ಟೀ ಥರ ಇಲ್ಲದಿದ್ದರೆ ಬೇಡ ಅನ್ನಿಸುತ್ತದೆ, ರಸ ಸ್ವಲ್ಪ ಗಟ್ಟಿ ಇದ್ದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಇದನ್ನು ಯಾಕೆ ಬರೆದಿಲ್ಲ ಅಂತ ನಾನೇ ಕೇಳಿದೆ. "ಅಮ್ಮ, ಇದರಲ್ಲಿ ದೊಡ್ಡದು ಏನಿದೆ, ನಾನು ಬರೀ ಹೋಗಿ ಹೇಳ್ದೆ ಅಷ್ಟೇ" ಅಂದಳು. ಆ ಡಾಕ್ಟರ್ ಅಂದದ್ದು ಬೇರೆ. ನೀನು ಗಮನಿಸಿದೆ, ಕೇಳಿದೆ, ನಿನ್ನ ಮಿತಿ ದಾಟದೆ ಹೇಳಬೇಕಾದವರಿಗೆ ಹೇಳಿದೆ, ಮುಂದಿನ ವಾರ ಹೋಗಿ ಏನಾಯಿತು ಅಂತ ನೋಡಿದೆ. ವಾರ್ಡಿನಲ್ಲಿ ನಾನು ದಿನಾ ಮಾಡುವುದೂ ಇದನ್ನೇ ಅಂದರು.

ಮೂರನೇ ಪ್ರಶ್ನೆಗೆ ಅದು 640 ಅಕ್ಷರದಲ್ಲಿ ಕೂತಿತು. ಸಂವಹನದ ಮಹತ್ವದ ಸಾಲು ತಾನಾಗಿ ಉದುರಿತು, ಯಾಕೆಂದರೆ ಅದನ್ನು ಇನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ನುಂಗುವಾಗ ಗಂಟಲಲ್ಲಿ ಉಸಿರಿನ ದಾರಿ ಹೇಗೆ ಮುಚ್ಚಿಕೊಳ್ಳುತ್ತದೆ ಅಂತ ಆಮೇಲೆ ಅವಳು ತಾನೇ ಓದಿಕೊಂಡಿದ್ದಳು, ಅದು ಎರಡನೇ ಪ್ರಶ್ನೆಗೆ ಹೋಯಿತು. ಇನ್ನೊಂದು ಒಳ್ಳೆಯ ಸೂಚನೆ ಅವರಿಂದಲೇ ಬಂತು. ಅಜ್ಜಿಯ ಹೆಸರಾಗಲಿ, ಕೇರ್ ಹೋಮಿನ ಹೆಸರಾಗಲಿ, ಗುರುತು ಸಿಗುವ ಯಾವುದೂ ಬೇಡ. ಡ್ರಾಫ್ಟ್‌ನಲ್ಲಿ ಒಂದು ಕಡೆ ಹೆಸರು ಇತ್ತು. ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕು ಅನ್ನುವುದು ಅರ್ಜಿಯಿಂದಲೇ ಶುರುವಾಗಬೇಕಲ್ಲ.

ಕತ್ತರಿಸುವ ಬಗ್ಗೆ ಅವರು ಹೇಳಿಕೊಟ್ಟ ಕ್ರಮವೂ ಉಪಯೋಗಕ್ಕೆ ಬಂತು. ಪ್ರತಿ ವಾಕ್ಯ ಓದಿ, ಇದನ್ನು ನಿನ್ನ ಕ್ಲಾಸಿನ ಇನ್ನೊಬ್ಬ ಹುಡುಗ ಬರೆಯಬಹುದಾ ಅಂತ ಕೇಳಿಕೋ. ಬರೆಯಬಹುದು ಅಂದರೆ ತೆಗಿ. ಹೀಗೆ ಒಂದೇ ಸಂಜೆಯಲ್ಲಿ 6800 ಇದ್ದದ್ದು 4700ಕ್ಕೆ ಇಳಿಯಿತು. ಚಿಕ್ಕಂದಿನಿಂದ ವಿಜ್ಞಾನ ಅಂದರೆ ಆಸಕ್ತಿ, ಮಾನವ ದೇಹ ಒಂದು ಅದ್ಭುತ, ಜನರ ಸೇವೆ ಮಾಡುವ ಹಂಬಲ, ಎಲ್ಲ ಹೋದವು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮೌಲ್ಯಗಳ ಪಟ್ಟಿಯನ್ನು ಇಡೀ ತಂದು ಹಾಕಿದ್ದಳು, ಸಹಾನುಭೂತಿ, ಗೌರವ, ಘನತೆ ಅಂತ. ಅದೂ ಹೋಯಿತು. ಭರತನಾಟ್ಯ ಹತ್ತು ವರ್ಷ ಕಲಿತದ್ದು 300 ಅಕ್ಷರದಿಂದ 80ಕ್ಕೆ ಬಂತು. ಅದಕ್ಕೆ ನನಗೆ ಸಂಕಟವಾಯಿತು, ಭಾನುವಾರ ಭಾನುವಾರ ಡ್ರೈವ್ ಮಾಡಿದವಳು ನಾನು. ಆದರೂ ಒಪ್ಪಿದೆ. ಮೆಡಿಸಿನ್ ಓದಿಗೆ ಅದರಿಂದ ಏನು ಬಂತು ಅನ್ನುವ ಒಂದು ಮಾತು ಇದ್ದರೆ ಸಾಕು.

ಇಲ್ಲಿಗೆ ನಿಲ್ಲಿಸಬೇಕಿತ್ತು.

ಸೆಪ್ಟೆಂಬರ್ ಬಂತು. ಯೂಕ್ಯಾಸ್‌ಗೆ ಅಕ್ಟೋಬರ್ 15 ಆದರೂ, ಸ್ಕೂಲಿನವರು ರೆಫರೆನ್ಸ್, ಅಂದರೆ ವಿದ್ಯಾರ್ಥಿಯ ಬಗ್ಗೆ ಅಭಿಪ್ರಾಯ, ಬರೆದು ಸೇರಿಸಿ ಕಳಿಸಬೇಕಾದ್ದರಿಂದ ಸ್ಕೂಲಿನ ಗಡುವು ಸೆಪ್ಟೆಂಬರ್ ಕೊನೆಗೇ ಇತ್ತು. ಇನ್ನೂ 700 ಅಕ್ಷರ ಜಾಸ್ತಿ. ಅವಸರಕ್ಕೆ ಬಿದ್ದು ಅದೇ ಸಂಸ್ಥೆಯ ದೊಡ್ಡ ಪ್ಯಾಕೇಜ್ ತೆಗೆದುಕೊಂಡೆವು. ಇದರಲ್ಲಿ ಅವರೇ ತಿದ್ದಿ, ಮಿತಿಯೊಳಗೆ ತಂದು ಕೊಡುತ್ತಾರೆ. ಮೊದಲ ಸಲದ ಡಾಕ್ಟರೇ ಮಾಡುತ್ತಾರೆ ಅಂತ ನಾವೇ ಊಹಿಸಿಕೊಂಡೆವು. ಮಾಡಿದ್ದು ಬೇರೆ ಯಾರೋ. ಕಾಲ್ ಇಲ್ಲ, ಟಿಪ್ಪಣಿ ಇಲ್ಲ, ಪೂರ್ತಿ ಹೊಸ ಬರಹ ಇಮೇಲ್‌ನಲ್ಲಿ ಬಂತು. 3996 ಅಕ್ಷರ. ಲೆಕ್ಕ ಸರಿಯಾಗಿತ್ತು.

ನಮ್ಮ ಮನೆಯವರು ಓದಿ ಬಹಳ ಚೆನ್ನಾಗಿದೆ ಅಂದರು. ಇಂಗ್ಲಿಷ್ ನಿಜಕ್ಕೂ ನಯವಾಗಿತ್ತು. ಮಗಳು ಎರಡು ಸಲ ಓದಿದಳು. "ಅಮ್ಮ, ಇದು ನಾನಲ್ಲ" ಅಂದಳು. ಆಮೇಲೆ ಟೀ ಭಾಗಕ್ಕೆ ಬೆರಳು ಇಟ್ಟು ತೋರಿಸಿದಳು. ಅದರಲ್ಲಿ ಹೀಗಿತ್ತು: ನುಂಗುವ ತೊಂದರೆ ಇರುವವರಿಗೆ ನಾನು ಪಾನೀಯಗಳನ್ನು ಗಟ್ಟಿ ಮಾಡಿ ತಯಾರಿಸಿ ಕೊಡುತ್ತಿದ್ದೆ, ಒಬ್ಬರ ಆಹಾರ ಯೋಜನೆಯನ್ನು ಬದಲಾಯಿಸಿದೆ.

ಅವಳು ಆ ಪುಡಿಯ ಡಬ್ಬಿ ಮುಟ್ಟಿಯೇ ಇಲ್ಲ. ಮುಟ್ಟುವ ಹಾಗೂ ಇಲ್ಲ. ಅದು ತರಬೇತಿ ಆದವರ ಕೆಲಸ. ಹದ ತಪ್ಪಿದರೆ ಉಸಿರು ಕಟ್ಟಬಹುದು, ಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಅದಕ್ಕೇ 2015ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಈ ಪುಡಿಯನ್ನು ಎಲ್ಲರ ಕೈಗೆ ಸಿಗುವ ಹಾಗೆ ಇಡಬೇಡಿ ಅಂತ ಸುರಕ್ಷತಾ ಎಚ್ಚರಿಕೆ ಹೊರಡಿಸಿತ್ತು. ಈ ಸಾಲು ಓದಿದ ಯಾವ ಡಾಕ್ಟರ್ ಆದರೂ ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ, ನಿನಗೆ ಯಾರು ಕಲಿಸಿದರು, ಹದಿನೇಳರ ವಾಲಂಟಿಯರ್‌ಗೆ ಇದನ್ನು ಬಿಟ್ಟವರು ಯಾರು ಅಂತ. ಅವಳು ಏನು ಹೇಳಬೇಕು? ಅವಳ ಕೆಲಸದಲ್ಲಿ ಒಳ್ಳೆಯದು ಅಂತ ಇದ್ದದ್ದೇ ತನ್ನ ಮಿತಿಯಲ್ಲಿ ನಿಂತು ನರ್ಸ್‌ಗೆ ಹೇಳಿದ್ದು. ಅಕ್ಷರ ಉಳಿಸುವ ಭರದಲ್ಲಿ ನರ್ಸ್ ಅವರನ್ನೇ ಕಥೆಯಿಂದ ತೆಗೆದುಬಿಟ್ಟಿದ್ದರು.

ನನಗೆ ನಿಜಕ್ಕೂ ಸಿಟ್ಟು ಬಂತು. ಚಿಕ್ಕದು ಮಾಡುವುದು ಅಂದರೆ ದೊಡ್ಡದು ಮಾಡಿ ಹೇಳುವುದಲ್ಲ. ದೂರು ಬರೆದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಅಂತಿಮ ಪ್ರತಿಯಲ್ಲಿ ವಿಷಯ ಸರಿಯಿದೆಯಾ ಅಂತ ನೋಡಿಕೊಳ್ಳುವುದು ವಿದ್ಯಾರ್ಥಿಯ ಜವಾಬ್ದಾರಿ ಅಂತ ನಿಯಮದಲ್ಲಿ ಇದೆಯಂತೆ. ಇದೆ, ಓದಿ ನೋಡಿದೆ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ. ನೀವು ಸೇರುವ ಮುಂಚೆ ಅದನ್ನು ಓದಿ.

ಇನ್ನೂ ಒಂದು ಭಯ ಇತ್ತು. ಸ್ಟೇಟ್‌ಮೆಂಟ್ ವಿದ್ಯಾರ್ಥಿಯ ಸ್ವಂತ ಬರಹ ಆಗಿರಬೇಕು ಅನ್ನುವುದು ಯೂಕ್ಯಾಸ್ ನಿಯಮ. ಬಂದ ಪ್ರತಿಯೊಂದನ್ನೂ ಹಳೆಯ ಬರಹಗಳ ಜೊತೆ ಹೋಲಿಸುವ ಸಾಫ್ಟ್‌ವೇರ್ ಅವರ ಹತ್ತಿರ ಇದೆ. ಹೋಲಿಕೆ ಕಂಡರೆ ಕಾಲೇಜುಗಳಿಗೆ ತಿಳಿಸುತ್ತಾರೆ. ಬೇರೆಯವರು ಬರೆದುಕೊಟ್ಟದ್ದರಲ್ಲಿ ಯಾರ ಯಾರ ವಾಕ್ಯ ಇದೆಯೋ ನಮಗೆ ಹೇಗೆ ಗೊತ್ತಾಗಬೇಕು? ಚಾಟ್‌ಜಿಪಿಟಿಯಿಂದ ಬರೆಸಿ ಹಾಗೇ ಅಂಟಿಸುವುದನ್ನೂ ಯೂಕ್ಯಾಸ್ ಮೋಸ ಅಂತಲೇ ಎಣಿಸಬಹುದು ಅಂತ ಹೇಳಿದೆ. ನಾವು ಒಮ್ಮೆ ಅದರಿಂದಲೂ ಚಿಕ್ಕದು ಮಾಡಿಸಿ ನೋಡಿದೆವು. ಚಿಕ್ಕದಾಯಿತು, ಆದರೆ ಆ ಅಜ್ಜಿ ಮಾಯವಾಗಿ ಸಂವಹನದ ಮಹತ್ವ ವಾಪಸ್ ಬಂದು ಕೂತಿತ್ತು.

ಕೊನೆಗೆ ಆ 700 ಅಕ್ಷರ ಇಳಿಸಿದ್ದು ಸ್ಕೂಲಿನ ಇಂಗ್ಲಿಷ್ ಟೀಚರ್. ಅದೂ ಊಟದ ಬಿಡುವಿನಲ್ಲಿ ಎರಡು ದಿನ, ಒಂದು ಪೈಸೆ ಖರ್ಚಿಲ್ಲದೆ. ಅವರಿಗೆ ಮೆಡಿಸಿನ್ ಗೊತ್ತಿಲ್ಲ, ಇಂಗ್ಲಿಷ್ ವಾಕ್ಯ ಗೊತ್ತು. ನನಗೆ ಅವಕಾಶ ಸಿಕ್ಕಿತು, ನಾನು ಅರಿತುಕೊಂಡೆ, ನನಗೆ ಸಾಧ್ಯವಾಯಿತು, ಇಂಥ ಬಾಲಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದರು. ವಾಕ್ಯ ನೇರವಾಗಿ ಕೆಲಸದಿಂದ ಶುರುವಾಗುವ ಹಾಗೆ ಮಾಡಿದರು. ವಿಷಯ ಒಂದೂ ಹೋಗಲಿಲ್ಲ. 3970ಕ್ಕೆ ಬಂತು. ಸ್ಕೂಲಿನಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ, ಆದರೆ ಅವರ ಹತ್ತಿರ ಜುಲೈನಲ್ಲೇ ಹೋಗಿ ಕೇಳಬೇಕು, ಸೆಪ್ಟೆಂಬರ್‌ನಲ್ಲಿ ಎಲ್ಲರೂ ಮುತ್ತಿಕೊಂಡಿರುತ್ತಾರೆ.

ಫಲಿತಾಂಶ ಏನಾಯಿತು ಅಂತ ಕೇಳುತ್ತೀರಿ. ಎರಡು ಕಾಲೇಜಿನಿಂದ ಇಂಟರ್‌ವ್ಯೂ ಕರೆ ಬಂದಿದೆ. ಅದು ಸ್ಟೇಟ್‌ಮೆಂಟ್‌ನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಮೆಡಿಸಿನ್ ಪ್ರವೇಶ ಪರೀಕ್ಷೆ ಯೂಕ್ಯಾಟ್‌ನ ಅಂಕ, ನಮ್ಮ ಎಸ್‌ಎಸ್‌ಎಲ್‌ಸಿ ಥರದ ಜಿಸಿಎಸ್‌ಇ, ಪಿಯುಸಿ ಥರದ ಎ ಲೆವೆಲ್‌ನ ಅಂದಾಜು ಅಂಕ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕೆಲವು ಕಾಲೇಜುಗಳು ಇಂಟರ್‌ವ್ಯೂಗೆ ಆರಿಸುವಾಗ ಸ್ಟೇಟ್‌ಮೆಂಟ್‌ಗೆ ಅಂಕವನ್ನೇ ಕೊಡುವುದಿಲ್ಲ. ನಿಮ್ಮ ನಾಲ್ಕು ಕಾಲೇಜುಗಳ ವೆಬ್‌ಸೈಟ್‌ನಲ್ಲಿ ಅದನ್ನು ನೋಡಿಕೊಂಡ ಮೇಲೆಯೇ ಇದಕ್ಕೆ ಎಷ್ಟು ಖರ್ಚು ಮಾಡಬೇಕು ಅಂತ ಯೋಚಿಸಿ. ಆದರೆ ಇಂಟರ್‌ವ್ಯೂಗೆ ತಯಾರಿ ಮಾಡುವಾಗ ಇದರ ಉಪಯೋಗ ಕಾಣುತ್ತಿದೆ. ಕೇರ್ ಹೋಮ್ ಬಗ್ಗೆ ಯಾರು ಹೇಗೆ ತಿರುಗಿಸಿ ಕೇಳಿದರೂ ಅವಳು ತಡವರಿಸುವುದಿಲ್ಲ. ನಡೆದದ್ದನ್ನು ಹೇಳುತ್ತಾಳೆ.

ಹಾಗಾಗಿ ನನ್ನ ಅಂಕ: ಟಿಪ್ಪಣಿ ಮತ್ತು ಕಾಲ್ ಇರುವ ಸಣ್ಣ ಪ್ಯಾಕೇಜ್‌ಗೆ 5ಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು, ಯಾರು ಓದುತ್ತಾರೆ ಅಂತ ಮೊದಲೇ ಹೇಳದೇ ಇರುವುದಕ್ಕೆ. ಅವರೇ ತಿದ್ದಿ ಕೊಡುವ ದೊಡ್ಡ ಪ್ಯಾಕೇಜ್‌ಗೆ 1. ಹೋಗುವುದಾದರೆ ಆಗಸ್ಟ್ ಮೊದಲ ವಾರದಲ್ಲಿ ಹೋಗಿ, ಡಾಕ್ಟರೇ ಓದುತ್ತಾರಾ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಕಾಲ್‌ನಲ್ಲಿ ಮಕ್ಕಳನ್ನು ಮಾತ್ರ ಕೂರಿಸಿ. ನಾನು ಮೊದಲ ಹತ್ತು ನಿಮಿಷ ಪಕ್ಕದಲ್ಲಿ ಕೂತು ಅವಳ ಬದಲು ಉತ್ತರ ಹೇಳುತ್ತಿದ್ದೆ. ಆ ಡಾಕ್ಟರ್ ನಯವಾಗಿ, "ಆಂಟಿ, ಅವಳು ಹೇಳಲಿ" ಅಂದರು. ನಾನು ಎದ್ದು ಅಡುಗೆ ಮನೆಗೆ ಹೋದೆ. ಟೀ ವಿಷಯ ಬಂದದ್ದು ಅದಾದ ಮೇಲೆ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ.